ಗೋಧಿ, ಹೈನುಗಳಿಲ್ಲದ ಊಟ: ಒಂದು ಶ್ರಾವಣದ ಅನುಭವ

ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲಕ್ಕೆ ಹೇಳಿದ ಭಕ್ತಿಯು ಅವಧಾನಭಕ್ತಿ. ಭಕ್ತನಿಗೆ ಶ್ರದ್ಧೆ, ಮಾಹೇಶ್ವರನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ ಎಂದು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದವರಲ್ಲಿ ನಾನೂ ಒಬ್ಬ. ಶಾಲೆಯಲ್ಲಿ ಕನ್ನಡ ಕಲಿಸಿದ ಮೂರು ದಶಕಗಳಲ್ಲಿ ಈ ಮಾತನ್ನು ಮಕ್ಕಳಿಂದ ಎಷ್ಟು ಸಲ ಬರೆಯಿಸಿದೆನೋ ಲೆಕ್ಕವಿಲ್ಲ. ಆದರೆ ಅವಧಾನವೆಂಬುದು ಉಣ್ಣುವ ಎಲೆಯ ಮುಂದೆ ಕುಳಿತವನಿಂದ ಏನನ್ನು ಬೇಡುತ್ತದೆಂಬುದನ್ನು ನನಗೆ ತಿಳಿಸಿಕೊಟ್ಟವಳು ಹತ್ತೊಂಬತ್ತು ವರ್ಷದ ನನ್ನ ಮೊಮ್ಮಗಳು. ಅದೂ ನಾನು ಮಾಡಿದ ಒಂದು ತಪ್ಪಿನ ಮೂಲಕ. ಆ ಪ್ರಸಂಗವನ್ನು ಹೇಳುವ ಮೊದಲು ಅವಳ ಊಟದ ಸ್ವರೂಪವನ್ನು ಕೊಂಚ ವಿವರಿಸಬೇಕು.

ಅವಳ ಊಟದಲ್ಲಿ ಎರಡು ನಿಷೇಧಗಳುಂಟು. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಜೇನು ಮುಂತಾಗಿ ಪ್ರಾಣಿಗಳಿಂದ ಬಂದ ಯಾವುದನ್ನೂ ಅವಳು ಮುಟ್ಟುವುದಿಲ್ಲ. ಇದನ್ನು ಎರಡು ವರ್ಷಗಳ ಹಿಂದೆ ಅವಳು ತಾನಾಗಿಯೇ ಬಿಟ್ಟಳು. ಎರಡನೆಯದು ಗೋಧಿ ಮತ್ತು ಗೋಧಿಯ ಬಳಗದ ಧಾನ್ಯಗಳು. ಇವನ್ನು ಕಳೆದ ವರ್ಷ ವೈದ್ಯರು ಬಿಡಿಸಿದರು. ಮೊದಲನೆಯದು ವ್ರತ, ಎರಡನೆಯದು ಪಥ್ಯ. ವ್ರತವು ಭಂಗವಾದರೆ ಮನಸ್ಸು ನೋಯುತ್ತದೆ. ಪಥ್ಯವು ಭಂಗವಾದರೆ ದೇಹವೇ ನೋಯುತ್ತದೆ. ಇವೆರಡನ್ನೂ ಒಂದೇ ಎಂದು ಬಗೆದು, ‘ಈಗಿನ ಹುಡುಗರ ಹೊಸ ಹುಚ್ಚು’ ಎಂದು ತಳ್ಳಿಹಾಕುವವರು ನಮ್ಮಲ್ಲಿ ಬಹಳ ಮಂದಿ. ನಾನು ಬಹುಕಾಲ ಆ ಗುಂಪಿನಲ್ಲಿಯೇ ಇದ್ದೆ.

ಈ ಎರಡು ವಿಚಾರಗಳೂ ಆಧುನಿಕ ಜಗತ್ತಿನಲ್ಲಿ ಸರಿಸುಮಾರು ಒಂದೇ ಕಾಲಕ್ಕೆ ರೂಪು ತಳೆದುವೆಂಬುದು ಕುತೂಹಲದ ಸಂಗತಿ. ಹೈನನ್ನೂ ತ್ಯಜಿಸುವ ಶಾಕಾಹಾರಕ್ಕೆ ‘ವೀಗನ್’ ಎಂಬ ಹೆಸರು ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ; ಡೊನಾಲ್ಡ್ ವಾಟ್ಸನ್ ಎಂಬಾತನೂ ಅವನ ಕೆಲವು ಸಂಗಡಿಗರೂ ಕೂಡಿ ಆ ವರ್ಷದ ನವೆಂಬರಿನಲ್ಲಿ ಒಂದು ಸಂಘವನ್ನು ಕಟ್ಟಿದರು. ಅದೇ ಚಳಿಗಾಲದಲ್ಲಿ, ಯುದ್ಧದಿಂದ ಜರ್ಜರಿತವಾದ ಹಾಲೆಂಡಿನಲ್ಲಿ ಭೀಕರ ಕ್ಷಾಮ ತಲೆದೋರಿತು. ರೊಟ್ಟಿ ಸಿಗದೆ ಜನ ಟ್ಯೂಲಿಪ್ ಹೂವಿನ ಗಡ್ಡೆಗಳನ್ನು ಬೇಯಿಸಿ ತಿಂದ ಕಾಲವದು. ವಿಲ್ಲೆಮ್ ಕಾರೆಲ್ ಡಿಕೆ ಎಂಬ ಮಕ್ಕಳ ವೈದ್ಯನು, ಉದರರೋಗದಿಂದ ಸೊರಗುತ್ತಿದ್ದ ಕೆಲವು ಮಕ್ಕಳಿಗೆ ಗೋಧಿಯೇ ಆಗದೆಂದು ಯುದ್ಧಕ್ಕೆ ಮೊದಲಿನಿಂದಲೇ ಶಂಕಿಸಿದ್ದನು. ಕ್ಷಾಮಕಾಲದ ಅನುಭವವೂ ಆ ಶಂಕೆಯನ್ನು ಬಲಪಡಿಸಿತೆಂದು ಹೇಳುತ್ತಾರೆ. 1950ರಲ್ಲಿ ಅವನು ತನ್ನ ಪ್ರಬಂಧವನ್ನು ಪ್ರಕಟಿಸಿದ ಮೇಲೆ ‘ಸೀಲಿಯಾಕ್’ ಎಂಬ ಆ ರೋಗಕ್ಕೆ ಗೋಧಿಯನ್ನು ಬಿಡುವುದೇ ಚಿಕಿತ್ಸೆಯೆಂಬುದು ಸ್ಥಿರವಾಯಿತು. ಇಂದಿಗೂ ಅದಕ್ಕೆ ಬೇರೆ ಔಷಧಿಯಿಲ್ಲ.

ಗೋಧಿಯಲ್ಲಿರುವ ದೋಷವಾದರೂ ಏನು? ದೋಷವೆನ್ನುವುದೇ ತಪ್ಪು, ಬಹುಮಂದಿಗೆ ಅದು ಗುಣವೇ. ಗೋಧಿ ಹಿಟ್ಟನ್ನು ನಾದಿ, ಆ ಮುದ್ದೆಯನ್ನು ನೀರಿನಲ್ಲಿ ಹಿಸುಕುತ್ತ ತೊಳೆದರೆ ಬಿಳಿಯ ಪಿಷ್ಟವೆಲ್ಲ ನೀರಿಗೆ ಹೋಗಿ, ಕೈಯಲ್ಲಿ ರಬ್ಬರಿನಂತೆ ಹಿಗ್ಗುವ ಒಂದು ಜಿಗುಟು ವಸ್ತು ಉಳಿಯುತ್ತದೆ. ಇಟಲಿಯ ಬೊಲೊನ್ಯಾ ನಗರದ ಬೆಕ್ಕಾರಿ ಎಂಬ ವಿದ್ವಾಂಸನ ಈ ಪ್ರಯೋಗ 1745ರಲ್ಲಿ ಪ್ರಕಟವಾಯಿತು. ಯಾವ ಗೃಹಿಣಿಯಾದರೂ ಇಂದು ತನ್ನ ಅಡುಗೆಮನೆಯಲ್ಲಿ ಅದನ್ನು ಮಾಡಿ ನೋಡಬಹುದು. ಆ ವಸ್ತುವೇ ಗ್ಲುಟೆನ್. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಅಂಟು ಎಂದೇ ಅರ್ಥ. ಕನ್ನಡದಲ್ಲಿ ‘ಗೋಧಿಯಂಟು’ ಎಂದರೆ ಸಾಕೆಂದು ನನಗೆ ತೋರುತ್ತದೆ. ಹೋಳಿಗೆಯ ಕಣಕವು ಹರಿಯದೆ ಹಿಗ್ಗುವುದು, ಚಪಾತಿಯು ಉಬ್ಬುವುದು ಈ ಅಂಟಿನಿಂದಲೇ. ಇದೊಂದು ಬಗೆಯ ಸಸಾರಜನಕ. ಜವೆ ಅಂದರೆ ಬಾರ್ಲಿಯಲ್ಲಿಯೂ, ನಮ್ಮ ನಾಡಿನಲ್ಲಿ ಬೆಳೆಯದ ರೈ ಎಂಬ ಧಾನ್ಯದಲ್ಲಿಯೂ ಇದರ ದಾಯಾದಿಗಳುಂಟು. ಸೀಲಿಯಾಕ್ ಇರುವವರ ದೇಹವು ಈ ಅಂಟನ್ನು ಕಂಡೊಡನೆ ತನ್ನ ಕರುಳಿನ ಮೇಲೆಯೇ ಯುದ್ಧ ಹೂಡುತ್ತದೆ. ಅನ್ನರಸವನ್ನು ಹೀರಿಕೊಳ್ಳುವುದಕ್ಕೆಂದು ಸಣ್ಣ ಕರುಳಿನ ಒಳಗೋಡೆಯ ಮೇಲಿರುವ, ಬೆರಳಿನಾಕಾರದ ಸೂಕ್ಷ್ಮ ಅಂಕುರಗಳು ಸವೆದು ಚಪ್ಪಟೆಯಾಗುತ್ತವೆ. ಆಗ ಉಂಡದ್ದು ಮೈಗೆ ಹತ್ತುವುದಿಲ್ಲ.

ಜಗತ್ತಿನಲ್ಲಿ ನೂರಕ್ಕೆ ಒಬ್ಬರಷ್ಟು ಜನರಿಗೆ ಈ ರೋಗವಿದೆಯೆಂದು ಅಂದಾಜು. ನಮ್ಮ ದೇಶದಲ್ಲಿ ಗೋಧಿಯುಣ್ಣುವ ಉತ್ತರದವರಲ್ಲಿ ಹೆಚ್ಚು, ದಕ್ಷಿಣದವರಲ್ಲಿ ಬಹಳ ಕಡಿಮೆ. ಕಡಿಮೆಯಿರುವುದರಿಂದಲೇ ನಮ್ಮ ಕಡೆ ಬೇಗನೆ ಯಾರಿಗೂ ಅದರ ನೆನಪಾಗುವುದಿಲ್ಲ. ನನ್ನ ಮೊಮ್ಮಗಳಿಗೆ ಹನ್ನೆರಡನೆಯ ವಯಸ್ಸಿನಿಂದಲೂ ರಕ್ತಹೀನತೆ. ಕಬ್ಬಿಣದ ಗುಳಿಗೆಗಳನ್ನು ವರ್ಷಗಟ್ಟಲೆ ನುಂಗಿದರೂ ರಕ್ತವೇರಲಿಲ್ಲ. ಹೊಟ್ಟೆಯುಬ್ಬರ, ಆಯಾಸ, ಬಾಯಿಹುಣ್ಣು. ಹಾಲು ತುಪ್ಪ ಬಿಟ್ಟದ್ದರಿಂದಲೇ ಹುಡುಗಿ ಸೊರಗಿದಳೆಂದು ನಾವೆಲ್ಲ ಅವಳನ್ನು ಬೈದದ್ದೂ ಉಂಟು. ಕಡೆಗೆ ರಕ್ತಪರೀಕ್ಷೆ, ಆ ಮೇಲೆ ಕರುಳಿನ ಚೂರು ತೆಗೆದು ನೋಡುವ ಪರೀಕ್ಷೆ ನಡೆದಾಗ ನಿಜಸ್ಥಿತಿ ಬಯಲಾಯಿತು. ಇಲ್ಲಿ ಓದುಗರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ: ಇಂಥ ಸಂಶಯ ಬಂದವರು ಪರೀಕ್ಷೆಗೆ ಮೊದಲೇ ಗೋಧಿಯನ್ನು ಬಿಡಬಾರದು. ಬಿಟ್ಟರೆ ಪರೀಕ್ಷೆಯಲ್ಲಿ ರೋಗ ಕಾಣದೆ ಹೋಗಬಹುದು. ರೋಗವಿಲ್ಲದವರು ಗೋಧಿಯನ್ನು ಬಿಡಬೇಕಾದ ಕಾರಣವೂ ಇಲ್ಲ.

ಇನ್ನು ನನ್ನ ತಪ್ಪಿನ ಮಾತು. ಕಳೆದ ಚಳಿಗಾಲದ ಜಾತ್ರೆಯಲ್ಲಿ ನಾವು ಮನೆಮಂದಿಯೆಲ್ಲ ದಾಸೋಹದ ಪಂಕ್ತಿಯಲ್ಲಿ ಕುಳಿತಿದ್ದೆವು. ಜಾತ್ರೆಯೆಂದ ಮೇಲೆ ಗೋಧಿ ಹುಗ್ಗಿ, ಹುಗ್ಗಿಯೆಂದ ಮೇಲೆ ಅದರ ಮೇಲೊಂದು ಧಾರೆ ತುಪ್ಪ. ಬಡಿಸುವವರು ಬಂದಾಗ ಅವಳು ಎಲೆಯ ಮೇಲೆ ಕೈ ಅಡ್ಡ ಹಿಡಿದಳು. ಅಕ್ಕಪಕ್ಕದವರು ತಿರುಗಿ ನೋಡಿದರು. ನನಗೆ ಅವಮಾನವಾದಂತೆ ತೋರಿತು. ‘ಪ್ರಸಾದಕ್ಕೆ ದೋಷವಿಲ್ಲ, ಒಂದು ತುತ್ತು ತಗೋಬೇಕು’ ಎಂದು ನಾನೇ ಗದರಿಸಿ ಹುಗ್ಗಿ ಹಾಕಿಸಿದೆ. ಹಿರಿಯರ ಮಾತನ್ನು ಮೀರಬಾರದೆಂದು ಅವಳು ಉಂಡಳು. ಅಂದು ರಾತ್ರಿಯಿಂದ ಮೂರು ದಿನ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ನಾಲ್ಕನೆಯ ದಿನ, ‘ಅಜ್ಜಾ, ಔಷಧ ಕುಡಿಯುವವರಿಗೆ ವಿಷ ಹಾಕಿ ಪ್ರಸಾದ ಅಂತಾರೇನ್ರಿ?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಪ್ರಸಾದವೆಂದರೆ ಅರಿತು ಅರ್ಪಿಸಿ, ಅರಿತು ಕೊಳ್ಳುವುದೆಂದು ಕಲಿಸಿದವನು ನಾನು. ಆ ದಿನ ಪಂಕ್ತಿಯಲ್ಲಿ ಅವಧಾನವಿದ್ದುದು ಎಲೆಗೆ ಕೈ ಅಡ್ಡ ಹಿಡಿದ ಅವಳಿಗೆ, ನನಗಲ್ಲ.

ದಿನವೊಂದಕ್ಕೆ 50 ಮಿಲಿಗ್ರಾಂ ಗ್ಲುಟೆನ್ ತಿಂಗಳುಗಟ್ಟಲೆ ಹೊಟ್ಟೆಗೆ ಹೋದರೂ ಇಂಥವರ ಕರುಳು ಕೆಡುವುದೆಂದು ಆಮೇಲೆ ಓದಿ ತಿಳಿದೆ. ಅದು ಹತ್ತು ಹದಿನೈದು ಗೋಧಿ ಕಾಳುಗಳಲ್ಲಿ ಇರುವಷ್ಟು. ನಾನು ಹಾಕಿಸಿದ್ದು ಒಂದು ಸೌಟು.

ಕಳೆದ ಶ್ರಾವಣದಲ್ಲಿ, ಒಂದು ತಿಂಗಳು ಅವಳ ಊಟವನ್ನೇ ನಾನೂ ಉಣ್ಣಬೇಕೆಂದು ನಿಶ್ಚಯಿಸಿದೆ. ಮನೆಯವರು, ‘ಈ ವಯಸ್ಸಿನಾಗ ಇದೇನು?’ ಎಂದರು. ಶ್ರಾವಣದಲ್ಲಿ ಒಂದಲ್ಲ ಒಂದು ನೇಮ ಹಿಡಿಯುವುದು ನಮ್ಮಲ್ಲಿ ಹೊಸದಲ್ಲವಾದುದರಿಂದ ಹೆಚ್ಚಿನ ಚರ್ಚೆ ನಡೆಯಲಿಲ್ಲ.

ಮೊದಲ ವಾರದಲ್ಲಿ ನನಗುಂಟಾದ ಭಾವ ಕಷ್ಟವಲ್ಲ, ಆಶ್ಚರ್ಯ. ಬೆಳಿಗ್ಗೆ ಒಗ್ಗರಣೆ ಅವಲಕ್ಕಿ, ಇಲ್ಲವೆ ಚುರಮುರಿ ಸೂಸಲ, ಇಲ್ಲವೆ ಇಡ್ಲಿ. ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಮಡಿಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಹಸಿ ಉಳ್ಳಾಗಡ್ಡಿ. ರಾತ್ರಿ ಜೋಳದ ನುಚ್ಚು ಅಥವಾ ನವಣೆಯನ್ನ, ಸಾರು. ಇದರಲ್ಲಿ ಗೋಧಿಯೆಲ್ಲಿದೆ, ಹೈನೆಲ್ಲಿದೆ? ಪಟ್ಟಣದ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವ ‘ಗ್ಲುಟೆನ್‌ರಹಿತ’ ಬಿಸ್ಕತ್ತು ಬ್ರೆಡ್ಡುಗಳ ಹಂಗಿಲ್ಲದೆ, ನಮ್ಮ ತಾಯಂದಿರು ನಿತ್ಯವೂ ಮಾಡಿಹಾಕಿದ ಊಟವಿದು. ಅಕ್ಕಿ, ಜೋಳ, ಸಜ್ಜೆ, ರಾಗಿ, ನವಣೆ, ಸಾವೆ, ಬರಗು, ಹಾರಕ, ಊದಲು, ಗೋವಿನಜೋಳ ಯಾವುದರಲ್ಲಿಯೂ ಆ ಅಂಟಿಲ್ಲ. ನನ್ನ ಬಾಲ್ಯದಲ್ಲಿ ಗೋಧಿಯೆಂಬುದು ಹಬ್ಬಕ್ಕೂ ಬೀಗರಿಗೂ ಮೀಸಲಾದ ಧಾನ್ಯ. ಚಪಾತಿ ದಿನದ ಊಟವಾದದ್ದು ಪಡಿತರದ ಅಂಗಡಿಯಲ್ಲಿ ಗೋಧಿ ಸಿಗತೊಡಗಿದ ಮೇಲೆ. ಸಂಯುಕ್ತ ರಾಷ್ಟ್ರಗಳು 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಅನೇಕರು ನವಣೆ, ಸಾವೆಗಳನ್ನು ಹೊಸದಾಗಿ ಕಂಡವರಂತೆ ಕೊಂಡಾಡಿದರು. ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ನರೆದಲೆಗನಿಗೂ ವ್ರೀಹಿಗೂ ನ್ಯಾಯ ನಡೆಸಿ, ಆರು ತಿಂಗಳು ಸೆರೆಯಲ್ಲಿಟ್ಟರೂ ಕೆಡದ ರಾಗಿಯನ್ನೇ ಗೆಲ್ಲಿಸಿದುದನ್ನು ಪಾಠ ಹೇಳಿದ ನನ್ನಂಥವರಿಗೆ ಇದನ್ನು ಕಂಡು ಸ್ವಲ್ಪ ನಗು ಬಂದರೆ ತಪ್ಪಲ್ಲ.

ಅಂಟಿಲ್ಲದ ಹಿಟ್ಟು ರೊಟ್ಟಿಯಾಗುವ ಬಗೆಯನ್ನು ನಾನು ಅರವತ್ತು ದಾಟಿದ ಮೇಲೆ ಮೊದಲ ಸಲ ಕಣ್ಣಿಟ್ಟು ನೋಡಿದೆ. ತಣ್ಣೀರಿನಲ್ಲಿ ನಾದಿದರೆ ಜೋಳದ ಹಿಟ್ಟು ಒಗ್ಗೂಡುವುದಿಲ್ಲ. ಕುದಿಯುವ ನೀರು ಹೊಯ್ದಾಗ ಹಿಟ್ಟಿನ ಪಿಷ್ಟದ ಕಣಗಳು ಅರೆಬೆಂದು, ಉಬ್ಬಿ, ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ಗೋಧಿಯಲ್ಲಿ ಅಂಟು ಮಾಡುವ ಕೆಲಸವನ್ನು ಇಲ್ಲಿ ಬಿಸಿನೀರೂ ಅಂಗೈಯೂ ಮಾಡಬೇಕು. ಆದುದರಿಂದಲೇ ಲಟ್ಟಣಿಗೆಯಿಂದ ಎಳೆಯದೆ ಕೈಯಿಂದ ಬಡಿಯುವುದು; ಎಳೆದರೆ ಅಂಚು ಸೀಳುತ್ತದೆ. ಹಿಟ್ಟು ಹಳೆಯದಾದರೆ ‘ಜಿಗಿ ಹೋಗೇತಿ’ ಎನ್ನುತ್ತಾರೆ. ರೊಟ್ಟಿ ಹರಿಯಿತೆಂದು ಹೆಂಗಸರನ್ನು ಆಡಿಕೊಳ್ಳುವ ಗಂಡಸರು ಒಮ್ಮೆ ಒಲೆಯ ಮುಂದೆ ಕುಳಿತು ಬಡಿದು ನೋಡಬೇಕು. ನಾನು ಬಡಿದ ಮೊದಲ ರೊಟ್ಟಿಯನ್ನು ಮೊಮ್ಮಗಳು ನುಚ್ಚೆಂದು ಕರೆದಳು.

ಎರಡನೆಯ ವಾರದಿಂದ ನಿಜವಾದ ಕಷ್ಟ ಕಾಣತೊಡಗಿತು. ಗೋಧಿಯು ತನ್ನ ಹೆಸರು ಹೇಳದೆ ಬರುವ ಸ್ಥಳಗಳು ಹಲವು. ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಇಂಗು. ಶುದ್ಧ ಇಂಗು ಗಿಡದ ಬೇರಿನ ಹಾಲು. ಅದು ಬಲು ಉಗ್ರ. ಅಂಗಡಿಯ ಡಬ್ಬಿಯಲ್ಲಿ ಸಿಗುವುದು ಅದಕ್ಕೆ ಗೋಂದು ಮತ್ತು ಹಿಟ್ಟು ಬೆರೆಸಿದ ಕೂಟ. ಆ ಹಿಟ್ಟು ಬಹುಮಟ್ಟಿಗೆ ಗೋಧಿಯದು, ಕೆಲವರು ಮಾತ್ರ ಅಕ್ಕಿ ಹಿಟ್ಟು ಬೆರೆಸುತ್ತಾರೆ. ಸಾರಿನ ಒಗ್ಗರಣೆಯಲ್ಲಿ, ಉಪ್ಪಿನಕಾಯಿಯಲ್ಲಿ, ಚಟ್ನಿಪುಡಿಯಲ್ಲಿ, ಹಪ್ಪಳದಲ್ಲಿ ಹೀಗೆ ಎಲ್ಲೆಲ್ಲಿಯೂ ಅದು ಇದ್ದೇ ಇದೆ. ರವೆ, ಶಾವಿಗೆ, ಮೈದಾ ಇವೆಲ್ಲ ಗೋಧಿಯ ಮಕ್ಕಳೆಂಬುದು ತಿಳಿದ ಮಾತಾದರೂ, ‘ಗೋಧಿ ಆಗೂದಿಲ್ಲ, ಉಪ್ಪಿಟ್ಟು ಮಾಡೇವಿ’ ಎಂದು ಪ್ರೀತಿಯಿಂದ ತಟ್ಟೆ ಮುಂದಿಡುವ ಮನೆಗಳು ಕಡಿಮೆಯಿಲ್ಲ. ಮಾಲ್ಟ್ ಎಂದು ಬರೆದಿದ್ದರೆ ಸಾಮಾನ್ಯವಾಗಿ ಅದು ಬಾರ್ಲಿ. ರಾಗಿ ಮಾಲ್ಟ್ ಬೇರೆ. ಜವೆಗೋಧಿಯೆಂಬ ಹೆಸರಿನಿಂದಲೂ ಮೋಸ ಹೋಗಬಾರದು. ಅದು ಕೆಲವೆಡೆ ಬಾರ್ಲಿ, ನಮ್ಮ ಕಡೆ ಖಪಲಿ, ಎರಡೂ ವರ್ಜ್ಯ. ಖಪಲಿಯು ಹಳೆಯ ತಳಿಯಾದುದರಿಂದ ನಿರಪಾಯವೆಂಬ ಮಾತು ಹಬ್ಬಿದೆ. ಸೀಲಿಯಾಕ್ ಇರುವವರ ಮಟ್ಟಿಗೆ ಅದು ಸುಳ್ಳು.

ಹಿಟ್ಟಿನ ಗಿರಣಿಯ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ನಮಗಿಂತ ಮುಂಚೆ ಬಂದವರು ಗೋಧಿ ಹಾಕಿಸಿದ್ದರೆ, ಅದರ ಶೇಷವು ನಮ್ಮ ಜೋಳದ ಹಿಟ್ಟಿನೊಳಗೆ ಬಂದೇ ಬರುತ್ತದೆ. ಗ್ಲುಟೆನ್‌ರಹಿತವೆಂದು ಮಾರುವ ಪದಾರ್ಥದಲ್ಲಿ ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಕೂಡದೆಂಬುದು ನಮ್ಮ ದೇಶದ ನಿಯಮ. ಗಿರಣಿಯ ಧೂಳು ಆ ಎಲ್ಲೆಯನ್ನು ದಾಟಲು ಬಹಳ ಬೇಕಿಲ್ಲ. ಮೊದಮೊದಲು ನಾವು ನಸುಕಿನಲ್ಲಿ ಹೋಗಿ ಗಿರಣಿ ತೆರೆದೊಡನೆ ನಮ್ಮದನ್ನೇ ಹಾಕಿಸುತ್ತಿದ್ದೆವು. ಹಿಂದಿನ ರಾತ್ರಿಯ ಗೋಧಿ ಕಲ್ಲಿನಲ್ಲಿಯೇ ಉಳಿದಿರುತ್ತದೆಂದು ಗಿರಣಿಯವನೇ ನಗುತ್ತ ಹೇಳಿದ. ಕಡೆಗೆ ಮನೆಯಲ್ಲಿಯೇ ಒಂದು ಸಣ್ಣ ವಿದ್ಯುತ್ ಗಿರಣಿಯನ್ನು ತಂದಿಟ್ಟೆವು. ಅನುಕೂಲವಿಲ್ಲದವರಿಗೆ ಅಟ್ಟದ ಮೇಲಿನ ಬೀಸುವ ಕಲ್ಲು ಇದೆ. ಮರಿಗೆ, ಹಂಚು, ಜರಡಿ, ಸೌಟುಗಳನ್ನೂ ಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಚಪಾತಿ ಬೇಯಿಸಿದ ಹಂಚಿನ ಮೇಲೆ ರೊಟ್ಟಿ ಹಾಕುವಂತಿಲ್ಲ, ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯುವಂತಿಲ್ಲ. ನೋಡುವವರಿಗೆ ಇದು ಮಡಿಮೈಲಿಗೆಯಂತೆ ಕಾಣಬಹುದು. ನನಗೂ ಆ ಶಂಕೆ ಬಂದಿತ್ತು. ಮಡಿಯು ಮನುಷ್ಯರನ್ನು ದೂರವಿಡುತ್ತದೆ, ಇದು ದೂರವಿಡುವುದು ಒಂದು ಹಿಟ್ಟನ್ನು ಮಾತ್ರ.

ಹೈನಿನ ವಿಷಯದಲ್ಲಿ ನನ್ನ ಮನಸ್ಸು ಅಷ್ಟು ಸುಲಭವಾಗಿ ಬಗ್ಗಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಹಿತ್ತಲಲ್ಲಿ ಆಕಳು ಕಟ್ಟಿ ಬೆಳೆದವನಿಗೆ ಹಾಲಿನಲ್ಲಿ ಹಿಂಸೆ ಕಾಣುವುದು ಕಷ್ಟ. ಗಂಡುಕರುಗಳ ಪಾಡೇನಾಗುತ್ತದೆ, ಹಾಲು ಬತ್ತಿದ ಎಮ್ಮೆ ಎಲ್ಲಿಗೆ ಹೋಗುತ್ತದೆ ಎಂದು ಅವಳು ಕೇಳಿದಾಗ, ನಮ್ಮ ಹಿತ್ತಲಿನಲ್ಲಿಯೂ ಹೋರಿಗರುಗಳು ಸಂತೆಗೆ ಹೋದುದು ನೆನಪಾಗಿ ಸುಮ್ಮನಾದೆ. ದಯೆಯನ್ನು ಕುರಿತು ಬಸವಣ್ಣನವರು ಹೇಳಿದುದನ್ನು ಈ ಪತ್ರಿಕೆಯ ಓದುಗರಿಗೆ ನಾನು ನೆನಪಿಸಬೇಕಾಗಿಲ್ಲ. ಅದರ ಎಲ್ಲೆಯನ್ನು ಎಲ್ಲಿ ಎಳೆಯಬೇಕೆಂಬುದರಲ್ಲಿ ಅವಳಿಗೂ ನನಗೂ ಇನ್ನೂ ಒಮ್ಮತವಿಲ್ಲ. ಶೇಂಗಾ ಹಾಲು, ತೆಂಗಿನ ಹಾಲು, ಎಳ್ಳಿನ ಹಾಲು ಒಳ್ಳೆಯವೇ. ಶೇಂಗಾ ಹಾಲಿಗೆ ಹೆಪ್ಪು ಹಾಕಿದರೆ ಬರುವುದನ್ನು ಮೊಸರೆಂದು ನಾನಂತೂ ಕರೆಯಲಾರೆ. ಚಹಕ್ಕೆ ಬದಲು ಕೊತ್ತಂಬರಿ ಜೀರಿಗೆಯ ಕಷಾಯ ಹದಿನೈದು ದಿನಕ್ಕೆ ರೂಢಿಯಾಯಿತು. ಮಜ್ಜಿಗೆಯಿಲ್ಲದೆ ಊಟ ಮುಗಿಸುವುದು ತಿಂಗಳು ಕಳೆದರೂ ರೂಢಿಯಾಗಲಿಲ್ಲ.

ಪೋಷಣೆಯ ಬಗ್ಗೆ ಎರಡು ಮೂರು ಎಚ್ಚರಿಕೆಗಳು ಅವಶ್ಯ. ಬಿ12 ಎಂಬ ಜೀವಸತ್ವವು ಸಸ್ಯಗಳಲ್ಲಿ ವಿಶ್ವಾಸಾರ್ಹ ಪ್ರಮಾಣದಲ್ಲಿ ದೊರೆಯುವುದಿಲ್ಲ. ಅದನ್ನು ತಯಾರಿಸುವುವು ಸೂಕ್ಷ್ಮಜೀವಿಗಳು. ಹಾಲು ಕುಡಿಯುವ ಶಾಕಾಹಾರಿಗಳಲ್ಲಿಯೇ ಅದರ ಕೊರತೆ ಸಾಮಾನ್ಯ. ಹೈನು ಬಿಟ್ಟವರು ಅದನ್ನು ಗುಳಿಗೆಯಾಗಿ ತೆಗೆದುಕೊಳ್ಳಲೇಬೇಕು. ಉಪೇಕ್ಷಿಸಿದರೆ ರಕ್ತಹೀನತೆ, ಕೈಕಾಲು ಜೋಮು, ಮರೆವು ಬರಬಹುದು. ಕ್ಯಾಪ್ಸೂಲಿನ ಹೊರಗವಚ ಅನೇಕ ವೇಳೆ ಜೆಲಟಿನ್ ಎಂಬುದರದು. ಅದು ಪ್ರಾಣಿಗಳ ಮೂಳೆ ಚರ್ಮಗಳಿಂದ ಬಂದದ್ದು. ಇದು ಹೈನು ಬಿಟ್ಟವರಿಗೆ ಮಾತ್ರವಲ್ಲ, ನಮಗೆಲ್ಲರಿಗೂ ಲಕ್ಷ್ಯವಿಡಬೇಕಾದ ಸಂಗತಿ. ಸುಣ್ಣದಂಶಕ್ಕೆ ರಾಗಿ ಬಲು ಶ್ರೇಷ್ಠ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರ ನಲವತ್ತು ಮಿಲಿಗ್ರಾಮಿಗೂ ಮೇಲ್ಪಟ್ಟು ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಆಕಳ ಹಾಲಿನಲ್ಲಿ ಸುಮಾರು ನೂರಿಪ್ಪತ್ತು. ಆದರೆ ರಾಗಿಯದೆಲ್ಲವೂ ಮೈಗೆ ಹತ್ತುವುದಿಲ್ಲ. ಮೊಳಕೆ ಕಟ್ಟಿ ಬೀಸಿದರೆ ಮೇಲು. ಇನ್ನು ಜೋಳವನ್ನು ಹೊಗಳುವ ಭರದಲ್ಲಿ ಒಂದನ್ನು ಮರೆಯಬಾರದು. ದಖನ್ ಪ್ರದೇಶದಲ್ಲಿ ಬರಿಯ ಜೋಳವನ್ನೇ ಉಂಡ ಬಡವರಲ್ಲಿ ಪೆಲಾಗ್ರ ಎಂಬ ಚರ್ಮರೋಗ ಕಾಣಿಸಿಕೊಂಡುದನ್ನು ಹೈದರಾಬಾದಿನ ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಅವರು 1960ರ ಸುಮಾರಿಗೆ ಅಭ್ಯಾಸ ಮಾಡಿ ತೋರಿಸಿದರು. ರೊಟ್ಟಿಯ ಜೊತೆ ಬೇಳೆಕಾಳು, ಶೇಂಗಾ, ಸೊಪ್ಪು ಇರಲೇಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಬ್ಬಗಳನ್ನು ನಿಭಾಯಿಸಿದ್ದು ನನ್ನ ಮನೆಯವರ ಜಾಣ್ಮೆ. ಪಂಚಮಿಗೆ ಜೋಳದ ಅಳ್ಳು, ಶೇಂಗಾ ಉಂಡಿ, ಎಳ್ಳುಂಡಿ ಹೇಗೂ ಉಂಟು. ರವೆ ಉಂಡಿಯೊಂದನ್ನು ಬಿಟ್ಟರಾಯಿತು. ಹೋಳಿಗೆ ಮಾತ್ರ ಹಟ ಹಿಡಿಯಿತು. ಜೋಳದ ಕಣಕ ಹೂರಣದ ಸುತ್ತ ನಿಲ್ಲದೆ ಹಂಚಿನ ಮೇಲೆ ಬಾಯಿಬಿಟ್ಟಿತು. ಅಕ್ಕಿ ಹಿಟ್ಟನ್ನು ಕುದಿನೀರಿನಲ್ಲಿ ಉಕ್ಕರಿಸಿ, ಅದೇ ಹೂರಣವನ್ನು ತುಂಬಿ, ಕಡುಬು ಮಾಡಿ ಹಬೆಯಲ್ಲಿ ಬೇಯಿಸಿದಾಗ ಎಲ್ಲರ ಎಲೆಗೂ ಒಂದೇ ಸಿಹಿ ಬಂದಿತು. ತುಪ್ಪಕ್ಕೆ ಬದಲು ತೆಂಗಿನ ಹಾಲು.

ಇಷ್ಟಾದರೂ ಮನೆಯ ಹೊಸ್ತಿಲು ದಾಟಿದರೆ ಪಂಕ್ತಿಯ ಪ್ರಶ್ನೆ ಮತ್ತೆ ಎದುರಾಗುತ್ತದೆ. ಸಹಪಂಕ್ತಿಯು ಶರಣರ ದೊಡ್ಡ ಕೊಡುಗೆ. ಅದರಲ್ಲಿ ಒಬ್ಬಳು ಬರಿಯ ಎಲೆಯ ಮುಂದೆ ಕುಳಿತಿರುವುದು, ಅಥವಾ ಡಬ್ಬಿ ಕಟ್ಟಿಕೊಂಡು ಹೋಗಿ ಮೂಲೆಯಲ್ಲಿ ಉಣ್ಣುವುದು, ಸಹಪಂಕ್ತಿಯೆನಿಸದು. ಎಲ್ಲರಿಗೂ ಒಂದೇ ಊಟ ಬಡಿಸಿದರೆ ಸಮಾನತೆಯಾಯಿತೆಂದು ನಾವು ತಿಳಿಯುತ್ತೇವೆ. ಮಾದಾರ ಚೆನ್ನಯ್ಯನ ಅಂಬಲಿಯನ್ನು ಶಿವನು ಸವಿದ ಕಥೆಯನ್ನು ಪುರಾಣಗಳಲ್ಲಿ ಓದುವಾಗ, ಚೋಳರಾಜನ ಮೃಷ್ಟಾನ್ನದ ಮುಂದೆ ಅಂಬಲಿಗೂ ಸ್ಥಾನವಿತ್ತೆಂಬುದನ್ನು ನಾವು ಭಕ್ತಿಯ ಹಿರಿಮೆಯಾಗಿ ಮಾತ್ರ ಬಣ್ಣಿಸುತ್ತೇವೆ. ದಾಸೋಹದ ಒಲೆಯ ಬದಿಯಲ್ಲಿ ಅಂಬಲಿಯ ಗಡಿಗೆಯೊಂದಕ್ಕೆ ಎಡೆಯಿರಲಿ ಎಂದು ಅದರಿಂದ ಅರ್ಥ ಮಾಡಿದವರನ್ನು ನಾನು ಕಂಡಿಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ರಾಗಿಮುದ್ದೆ ಉಂಡು ಓದಿದ್ದಾರೆ. ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರುಗಳಿಂದ ಜೋಳದ ರೊಟ್ಟಿಗಳು ಗಾಡಿಗಟ್ಟಲೆ ಬರುತ್ತವೆ. ಗೋಧಿಯಿಲ್ಲದ ಊಟ ನಮ್ಮ ಮಠಗಳಿಗೆ ಹೊರಗಿನದಲ್ಲ. ಬೇಕಾದುದು ಬೇರೆ ಪಾತ್ರೆ, ಬೇರೆ ಸೌಟು, ಕೇಳುವ ಕಿವಿ.

ಶ್ರಾವಣದ ಕೊನೆಗೆ ಪುರಾಣ ಮಂಗಲದ ದಿನ ಮತ್ತೆ ಹುಗ್ಗಿಯ ಊಟ. ಎರಡು ದಿನ ಮುಂಚೆಯೇ ನಾನು ಅಡುಗೆಯ ಹಿರಿಯರನ್ನು ಕಂಡು ಎಲ್ಲವನ್ನೂ ಹೇಳಿದೆ. ಹಿಂದಿನ ಜಾತ್ರೆಯಲ್ಲಿ ನಾನು ಮಾಡಿದುದನ್ನೂ ಮುಚ್ಚಿಡಲಿಲ್ಲ. ಅವರು ತಲೆಯಾಡಿಸಿದರು, ಹೆಚ್ಚು ಮಾತನಾಡಲಿಲ್ಲ. ಊಟದ ದಿನ ನನ್ನನ್ನು ಒಲೆಯ ಹತ್ತಿರ ಕರೆದು, ಮುಚ್ಚಳ ಹಾಕಿದ ಎರಡು ಪಾತ್ರೆಗಳನ್ನು ತೋರಿಸಿ, ‘ಸಾರು ಇಂಗು ಹಾಕೂಕಿಂತ ಮೊದಲ ತಗದಿಟ್ಟೀನ್ರಿ ಗುರುಗಳ. ನುಚ್ಚಿಗೆ ಎಣ್ಣಿ ಅಷ್ಟ ಬಿಟ್ಟೀನಿ, ತುಪ್ಪ ಇಲ್ಲ. ಸೌಟು ಹೊಸಾದು’ ಎಂದರು.

ಪಂಕ್ತಿಯಲ್ಲಿ ಮೊಮ್ಮಗಳ ಎಲೆಗೆ ಮೊದಲು ನುಚ್ಚು ಬಂದಿತು. ಅಂದಿಗೆ ನನ್ನ ತಿಂಗಳು ಮುಗಿದಿತ್ತಾದರೂ, ಹುಗ್ಗಿ ಬಂದಾಗ ಏನು ಮಾಡಬೇಕೆಂದು ಅನುಮಾನಿಸಿದೆ. ‘ಉಣ್ರಿ ಅಜ್ಜಾ, ನಿಮಗೇನು ಪಥ್ಯ ಇಲ್ಲಲ್ಲ’ ಎಂದಳು. ಉಂಡೆ. ಊಟದ ನಡುವೆ ಅವಳಿಗೆ ನೀರು ಬೇಕಾಯಿತು. ಹುಗ್ಗಿ ಹತ್ತಿದ ಕೈಯನ್ನು ತೊಳೆದು ಬಂದು, ಆಮೇಲೆ ಅವಳ ತಂಬಿಗೆಯನ್ನು ಎತ್ತಿ ಕೊಟ್ಟೆ.